ಮುಕ್ಕಾಲು ಘಳಿಗೆಯ ಸುಳ್ಳು

"ಗುರುನ್ನಾನ್ಸೆ, ನಿಮ್ಮಪ್ಪನಿಗೆ ಗಡಿಯಾರ ನೋಡೋಕೆ ಬರ್ತಿರಲಿಲ್ಲವಾ?"

ಇಷ್ಟು ಕೇಳಿದ್ದೇ ತಡ, ಜಗಲಿಯ ಬೆಂಚಿನ ಮೇಲೆ ನಂಬರು ಚೀಟಿ ಹಿಡಿದು ಕೂತಿದ್ದ ಏಳೆಂಟು ಜನ ಒಮ್ಮೆಲೇ ಕತ್ತು ಉದ್ದ ಮಾಡಿದರು. ಒಬ್ಬಾಕೆ ಅಳುತ್ತಿದ್ದ ಮಗುವಿನ ಬಾಯಿಗೆ ಬಿಸ್ಕತ್ತು ತುರುಕಿದಳು, ನಮ್ಮ ಮಾತು ಚೆನ್ನಾಗಿ ಕೇಳಿಸಲೆಂದು.

ಜೋಯಿಸ ಅಮರದಾಸ ಗುರುನ್ನಾನ್ಸೆ ತಲೆ ಎತ್ತಲಿಲ್ಲ. ಯಾರದೋ ಹೊಸ ಅಂಗಡಿಯ ಬಾಗಿಲು ತೆರೆಯುವುದಕ್ಕೆ ಮುಹೂರ್ತ ಲೆಕ್ಕ ಹಾಕುತ್ತಿದ್ದರು. ಪಂಚಾಂಗದ ಹಾಳೆ ಮಗುಚಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಹೆಂಗಸರಿಗೆಲ್ಲ ಮರ್ಯಾದೆಗೆ ಹೇಳುವ 'ನೋನಾ' ಸೇರಿಸಿ, ನಿಧಾನಕ್ಕೆ ಕೇಳಿದರು.

"ನಂಬರ್ ತಗೊಂಡ್ರಾ ನೋನಾ?"

"ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಕೆಲಸ ಮಾಡಿದೀನಿ. ಜನರನ್ನ ಸಾಲಲ್ಲಿ ನಿಲ್ಲಿಸ್ತಿದ್ದೆ, ನಾನು ನಿಂತಿಲ್ಲ."

"ವೀಳ್ಯದೆಲೆನಾದ್ರೂ ತಂದಿದೀರಾ?"

"ತಾಳೆಗರಿ ತಂದಿದೀನಿ. ನೋಡಿ."

ಸುರುಳಿ ಸುತ್ತಿದ್ದ ಗರಿಯನ್ನು ಅವರ ಪಂಚಾಂಗದ ಮೇಲೆಯೇ ಇಟ್ಟೆ. ಅದನ್ನು ಕಂಡದ್ದೇ ಅವರ ಕೈ ಹಿಂದಕ್ಕೆ ಹೋಯಿತು. ಬಿಸಿ ಪಾತ್ರೆ ಮುಟ್ಟಿದವರು ಹಾಗೆ ಎಳೆದುಕೊಳ್ಳುತ್ತಾರೆ. ನನ್ನ ಅನುಮಾನ ಅಲ್ಲೇ ಗಟ್ಟಿಯಾಯಿತು. ಈ ಮನುಷ್ಯನಿಗೆ ಏನೋ ಗೊತ್ತಿದೆ.

ಆ ಗರಿ ತಿವಂಕನ ಜಾತಕ. ಇಪ್ಪತ್ತಾರು ತುಂಬಿದ ಹುಡುಗ, ಯಸವತಿ ಮೆಣಿಕೆಯ ಒಬ್ಬನೇ ಮಗ. ಮೂರು ವಾರದ ಹಿಂದೆ, ಇದರಲ್ಲಿ ಬರೆದಿದ್ದ ದಿನವೇ, ಬರೆದಿದ್ದ ಹೊತ್ತಿಗೇ, ತನ್ನ ಮನೆಯ ಬಾವಿಗೆ ಬಿದ್ದು ಸತ್ತ.

"ಓದಿ," ಎಂದೆ. "ಏಪ್ರಿಲಲ್ಲಿ ಹೊಸ ವರ್ಷಕ್ಕೆ ಅಂತ ದೇವರ ಪೆಟ್ಟಿಗೆ ಒರೆಸುವಾಗ ಸಿಕ್ಕಿತಂತೆ, ಮೆಣಿಕೆ ಇದನ್ನ ನಿಮ್ಮ ಹತ್ರಾನೇ ತಂದಳಂತೆ. ನಮ್ಮಪ್ಪನ ಕೈಬರಹವೇ ಅಂತ ನೀವೇ ಹೇಳಿದಿರಂತೆ."

"ಹೇಳಿದೆ. ಅಕ್ಷರ ಅವರದೇ. ಕೆಳಗಡೆ ಗುರುತೂ ಇದೆ."

"ಓದಿ ಅಂದೆ."

ಅವರು ಓದಿದರು. ತೊಂಬತ್ತೆಂಟನೇ ಇಸವಿ ಫೆಬ್ರವರಿ ಹತ್ತು, ಮಂಗಳವಾರ. ಸೂರ್ಯ ಹುಟ್ಟಿ ಮುಕ್ಕಾಲು ಘಳಿಗೆಗೆ ಜನನ. ಕುಂಭ ಲಗ್ನ. ಇಪ್ಪತ್ತೇಳನೆಯ ವರ್ಷದಲ್ಲಿ, ಇಂಥ ತಿಂಗಳ ಇಂಥ ದಿನ, ಪ್ರಾಣಾಪಾಯ. ಪರಿಹಾರವೂ ಇತ್ತು: ಆ ದಿನ ಸೂರ್ಯ ಹುಟ್ಟಿ ಎಂಟು ಘಳಿಗೆಯಾದಾಗ, ದಕ್ಷಿಣಕ್ಕೆ ಮುಖ ಮಾಡಿ, ಬಾವಿಯ ಕಟ್ಟೆಯ ಮೇಲೆ ನಿಂತು, ಹಾಲು ಬೆರೆಸಿದ ನೀರಿನಲ್ಲಿ ಸ್ನಾನ.

ಎಂಟು ಘಳಿಗೆ ಎಂದರೆ ಒಂಬತ್ತೂ ಕಾಲು. ತಿವಂಕ ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ತಾಯಿ ಕಾಲು ಹಿಡಿಯುವುದೊಂದು ಬಾಕಿ. "ಅಮ್ಮನ ಬಾಯಿ ಮುಚ್ಚಿಸೋಕೆ ಒಂದು ಸ್ನಾನ ತಾನೆ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ. ದಕ್ಷಿಣದ ಕಡೆ ಮುಖ ಮಾಡಿ ನಿಲ್ಲಲು ಬಾವಿಗೆ ಒಂದೇ ಚಪ್ಪಡಿ. ಅವನು ನಿಂತ, ಚಪ್ಪಡಿ ಜಾರಿತು. ಕಲ್ಲೂ ಅವನೂ ಜೊತೆಗೇ ಕೆಳಗೆ ಹೋದರು.

ಠಾಣೆಯ ಮುಖ್ಯಸ್ಥ ಓಐಸಿ ಬಂದು ನೋಡಿ ಹಳೇ ಬಾವಿ, ಆಕಸ್ಮಿಕ ಎಂದು ಬರೆದುಕೊಂಡು ಹೋದ. ನಾನು ಎರಡು ವಾರ ಬಿಟ್ಟು ನೋಡಿದೆ. ಚಪ್ಪಡಿಯ ಬುಡದ ಗಾರೆ ಉದುರಿರಲಿಲ್ಲ, ಯಾರೋ ಕೆರೆದಿದ್ದರು. ಮೂರು ಕಡೆ ಉಳಿಯ ಗೀರು ಇನ್ನೂ ಬೆಳ್ಳಗಿತ್ತು.

"ಗುರುನ್ನಾನ್ಸೆ," ಎಂದೆ, "ಈ ಗರಿ ನಿಜವಾ?"

"ಹುಡುಗ ಸತ್ತಿದಾನೆ. ಬರೆದ ದಿನವೇ ಸತ್ತಿದಾನೆ. ಇನ್ನೂ ಏನು ಸಾಕ್ಷಿ ಬೇಕು ನಿಮಗೆ?"

"ಅದೇ ನನಗೂ ಬೇಕಾಗಿರೋದು. ಮೆಣಿಕೆಗೆ ಒಬ್ಬಳು ಮಗಳೂ ಇದಾಳೆ. ಅವಳ ಗರಿ ಪೆಟ್ಟಿಗೆಯಿಂದ ಕಾಣೆಯಾಗಿದೆ. ಅದರಲ್ಲಿ ಯಾವ ದಿನ ಬರೆದಿದೆಯೋ ಅಂತ ಮೆಣಿಕೆ ಮೂರು ವಾರದಿಂದ ಅನ್ನ ಮುಟ್ಟಿಲ್ಲ. ಗರಿ ಹುಡುಕಿಕೊಡು ಮಲ್ಲಿಕಾ ಅಂತ ನನ್ನನ್ನ ಕರೆಸಿದ್ದು ಅದಕ್ಕೇ. ನನಗೆ ಗರಿ ಬೇಡ. ಬರೆದವನು ಬೇಕು. ಅವನು ಸಿಗದಿದ್ರೆ ಆ ಹುಡುಗಿಯನ್ನೂ ಹೊತ್ತುಕೊಂಡು ಹೋಗಬೇಕಾಗುತ್ತೆ."

"ನೀವು ಶಾಸ್ತ್ರ ನಂಬಲ್ಲ, ಗೊತ್ತು."

"ನಂಬಿದ್ದೆ. ನನಗೆ ಇಪ್ಪತ್ತೆರಡು ವರ್ಷ ಆದಾಗ ಏಳನೇ ಮನೆಯಲ್ಲಿ ಕುಜ ಇದಾನೆ, ಗಂಡನ್ನ ತಿಂತಾಳೆ ಅಂತ ಹೇಳಿ ಮೂರು ಸಂಬಂಧ ಮುರಿದ್ರು. ಆ ಮೂವರಲ್ಲಿ ಇಬ್ಬರು ಬೇರೆಯವರನ್ನ ಮದುವೆಯಾಗಿ ಸತ್ತೂ ಆಯ್ತು. ನಾನು ಯಾರನ್ನೂ ತಿನ್ನದೆ ಇಲ್ಲಿ ಕೂತಿದೀನಿ. ಅದಿರಲಿ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಗುರುನ್ನಾನ್ಸೆ ಅತ್ತ ಒಮ್ಮೆ ನೋಡಿದ್ದೇ ಸದ್ದಡಗಿತು. ಆಸಾಮಿಗೆ ಅಷ್ಟು ಅಂಕೆ ಇದೆ. ಮೂರು ತಲೆಮಾರಿನಿಂದ ರಂಬುಕ್ಕನದ ಸುತ್ತ ಹತ್ತು ಹಳ್ಳಿಗೆ ಜಾತಕ ಬರೆದ ಮನೆ ಇದು.

ನಾನು ಚೀಲದಿಂದ ಎರಡನೆಯ ಕಾಗದ ತೆಗೆದೆ. ಆಸ್ಪತ್ರೆಯವರು ತಾಯಿಗೆ ಕೊಟ್ಟಿದ್ದ ಹೆರಿಗೆ ಚೀಟಿ, ಮಡಿಕೆ ಮಡಿಕೆಯಲ್ಲೂ ಹರಿದಿತ್ತು.

ಇದು ಸಿಕ್ಕಿದ್ದು ಈ ಹೊತ್ತು ಬೆಳಿಗ್ಗೆ. ಮೆಣಿಕೆಯ ಅಡುಗೆಮನೆಯಲ್ಲಿ ಕೂತು ಹಳೆಯ ಕಾಗದಗಳನ್ನೆಲ್ಲ ಕೆದಕುತ್ತಿದ್ದೆ. ಹುಟ್ಟಿದ ಹೊತ್ತು ಆರು ನಲವತ್ತಮೂರು ಎಂದು ಚೀಟಿಯಲ್ಲಿತ್ತು. ಫೆಬ್ರವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂ ಇಪ್ಪತ್ತೈದರ ಹತ್ತಿರ. ಹದಿನೆಂಟು ನಿಮಿಷ ಎಂದರೆ ಮುಕ್ಕಾಲು ಘಳಿಗೆ. ಗರಿಗೂ ಚೀಟಿಗೂ ಸರಿಯಾಗಿ ತಾಳೆಯಾಯಿತು. ನನಗೋ ಬೇಜಾರು, ಇಷ್ಟು ಹುಡುಕಿಯೂ ಒಂದು ತಪ್ಪು ಸಿಗಲಿಲ್ಲವಲ್ಲ ಎಂದು.

ಮೆಣಿಕೆ ಚೀಟಿ ಸವರುತ್ತಾ ತನ್ನಷ್ಟಕ್ಕೆ ಮಾತಾಡುತ್ತಿದ್ದಳು.

"ಅವನು ಹುಟ್ಟಿದಾಗ ವಾರ್ಡಿನ ದೀಪ ಇನ್ನೂ ಆರಿಸಿರಲಿಲ್ಲ ಮಲ್ಲಿಕಾ. ನಮ್ಮಮ್ಮ ಅವನನ್ನ ಎತ್ತಿಕೊಂಡು ಪೂರ್ವದ ಕಿಟಕಿ ಹತ್ರ ನಿಂತಳು. 'ತಡಿ ಮಗಾ, ಈಗ ಬರ್ತಾನೆ ಸೂರ್ಯ, ನೋಡು' ಅಂತ ಕಾದಳು. ಬಂದ ಮೇಲೇನೇ ನನ್ನ ಕೈಗೆ ಕೊಟ್ಟಿದ್ದು."

ಹೇಳಿ ಅಳತೊಡಗಿದಳು. ಮಗನನ್ನು ಕಳಕೊಂಡವಳ ಮುಂದೆ ಲೆಕ್ಕ ಕೇಳಲು ಬಾಯಿ ಬರಲಿಲ್ಲ, ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಗಳು ಉದೇಶಿಕಾ ಚಹಾ ತಂದಿಟ್ಟಳು, ಪಕ್ಕದಲ್ಲಿ ಬೆಲ್ಲದ ತುಂಡು. ಇಪ್ಪತ್ತಮೂರು ವರ್ಷ, ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾಳೆ. ಸಾವಿನ ಮನೆಯಲ್ಲಿ ನೆಟ್ಟಗೆ ಮಾತಾಡುವವಳು ಅವಳೊಬ್ಬಳೇ.

"ಮಿಸ್, ನೀವಾದ್ರೂ ಅಮ್ಮನಿಗೆ ಹೇಳಿ. ಗ್ರಹ ಅಂತೆ, ಗರಿ ಅಂತೆ. ನನಗೆ ಒಬ್ಬ ಹುಡುಗ ಇದ್ದ. ಇಪ್ಪತ್ತು ಕೂಟದಲ್ಲಿ ಏಳೇ ಕೂಡಿಬಂತು ಅಂತ ಅವನನ್ನ ಗೇಟಿಂದಾಚೆಗೇ ಕಳಿಸಿದ್ರು. ಕಳಿಸಿದ್ದು ಅಣ್ಣ, ಹೂಂ ಅಂದಿದ್ದು ಅಮ್ಮ."

"ಉದೇಶಿಕಾ!" ಎಂದಳು ಮೆಣಿಕೆ.

"ಇಲ್ಲಮ್ಮ, ಮಿಸ್‌ಗೆ ಅರ್ಥ ಆಗುತ್ತೆ. ಅಲ್ವಾ ಮಿಸ್?" ಎಂದು ನಕ್ಕಳು.

ನನಗೆ ಬಹಳ ಚೆನ್ನಾಗಿಯೇ ಅರ್ಥವಾಯಿತು. ನನ್ನದೇ ಕಥೆ ಕೇಳಿದ ಹಾಗಾಗಿ ಅವಳ ಕೈ ಹಿಡಿದೆ. ಮನೆಯಿಂದ ಹೊರಡುವಾಗ ಮೆಣಿಕೆಗೆ ಹೇಳಿದೆ, ಮಗಳನ್ನು ಒಂದು ಗಳಿಗೆಯೂ ಒಂಟಿ ಬಿಡಬೇಡ ಎಂದು.

ವಿಷಯ ಹೊಳೆದದ್ದು ಬಸ್ಸಿನಲ್ಲಿ. ಸೂರ್ಯ ಹುಟ್ಟಿ ಹದಿನೆಂಟು ನಿಮಿಷಕ್ಕೆ ಹುಟ್ಟಿದ ಮಗುವಿಗೆ ಅಜ್ಜಿ ಸೂರ್ಯ ಹುಟ್ಟುವುದನ್ನು ಹೇಗೆ ತೋರಿಸಿದಳು?

ಆಮೇಲೆ ನೆನಪಾಯಿತು. ತೊಂಬತ್ತಾರರಿಂದ ಎರಡು ಸಾವಿರದ ಆರರವರೆಗೆ ಈ ದ್ವೀಪದೇಶದ ಗಡಿಯಾರ ಮುಂದಿತ್ತು. ಕರೆಂಟ್ ಉಳಿಸಬೇಕೆಂದು ಸರ್ಕಾರ ಮುಳ್ಳು ಮುಂದಕ್ಕೆ ತಿರುಗಿಸಿತ್ತು. ಮೊದಲು ಒಂದು ಗಂಟೆ, ಕೆಲವು ತಿಂಗಳ ಮೇಲೆ ಅರ್ಧಕ್ಕೆ ಇಳಿಸಿದರು. ಹತ್ತು ವರ್ಷ ನಾನು ಕತ್ತಲಲ್ಲೇ ಬೂಟು ಹಾಕಿಕೊಂಡು ಡ್ಯೂಟಿಗೆ ಹೋಗಿದ್ದೇನೆ. ಮಕ್ಕಳು ತೂಕಡಿಸುತ್ತಾ ಶಾಲೆಗೆ ಹೋಗುತ್ತಿದ್ದವು. ಜನ ಲಗ್ನಪತ್ರಿಕೆಯಲ್ಲಿ 'ಹಳೇ ಟೈಮ್', 'ಹೊಸ ಟೈಮ್' ಎಂದು ಎರಡೂ ಅಚ್ಚು ಹಾಕಿಸುತ್ತಿದ್ದರು. ಆಸ್ಪತ್ರೆಯ ಆರೂ ನಲವತ್ತಮೂರು ಹೊಸ ಟೈಮು. ನಿಜವಾದ ಹೊತ್ತು ಆರೂ ಹದಿಮೂರು. ಸೂರ್ಯ ಹುಟ್ಟಲು ಇನ್ನೂ ಹನ್ನೆರಡು ನಿಮಿಷ ಇತ್ತು!

ಬಸ್ಸಿನಲ್ಲೇ ಜೋರಾಗಿ "ಅಯ್ಯೋ ನನ್ನ ಬುದ್ಧಿಗೆ" ಎಂದೆ. ಪಕ್ಕದಲ್ಲಿದ್ದಾತ ಎದ್ದು ಬೇರೆ ಸೀಟಿಗೆ ಹೋದ.

ಇದನ್ನೆಲ್ಲ ಈಗ ಗುರುನ್ನಾನ್ಸೆಯ ಮುಂದೆ ಒಂದೊಂದಾಗಿ ಹರಡಿದೆ.

"ಸೂರ್ಯ ಹುಟ್ಟೋಕೆ ಮುಂಚೆ ಹುಟ್ಟಿದ ಮಗುವಿಗೆ ವಾರ ಯಾವುದು ಬರೀತೀರಿ?"

ಅವರು ಪಂಚಾಂಗ ಮುಚ್ಚಿದರು.

"ಹಿಂದಿನ ದಿನದ್ದು. ಮಂಗಳವಾರ ಅಲ್ಲ, ಸೋಮವಾರ. ಲಗ್ನ? ನನಗೆ ಲೆಕ್ಕ ಬರಲ್ಲ, ನೀವು ಹೇಳಿ."

ಅವರ ತುಟಿ ಅಲುಗಿತು. "ಮಕರ."

"ಕುಂಭ ಅಲ್ಲ."

"ಅಲ್ಲ."

"ಲಗ್ನ ತಪ್ಪಿದ ಮೇಲೆ ಮಿಕ್ಕಿದ್ದೆಲ್ಲ?"

"ಎಲ್ಲ ತಪ್ಪು. ಮನೆಗಳೆಲ್ಲ ಒಂದೊಂದು ಸ್ಥಾನ ಪಲ್ಲಟ ಆಗ್ತವೆ. ಆ ವರ್ಷ ಅವನಿಗೆ ಪ್ರಾಣಾಪಾಯ ಇರಲೇ ಇಲ್ಲ."

"ಹಾಗಾದ್ರೆ ನಿಮ್ಮ ಶಾಸ್ತ್ರದ ಪ್ರಕಾರವೇ ಗರಿ ಸುಳ್ಳು. ಆದ್ರೂ ಬರೆದ ನಿಮಿಷಕ್ಕೆ ಸಾವು ಬಂತು. ಗ್ರಹ ತಪ್ಪಿ, ಸಾವು ಸರಿಯಾಗಿ ಬರುತ್ತಾ ಗುರುನ್ನಾನ್ಸೆ? ಕರ್ಕೊಂಡು ಬಂದವರು ಯಾರು?"

ಅವರು ಎದ್ದರು. ಜಗಲಿಗೆ ಹೋಗಿ, ಈ ಹೊತ್ತು ಇನ್ನು ನೋಡುವುದಿಲ್ಲ, ನಾಳೆ ಬನ್ನಿ ಎಂದರು. ಜನ ಗೊಣಗುತ್ತಾ ಎದ್ದರು. ಮಗುವಿನ ತಾಯಿಯಂತೂ ಬಾಗಿಲವರೆಗೆ ಹೋಗಿ ಚಪ್ಪಲಿ ಹುಡುಕುವ ನೆವದಲ್ಲಿ ಐದು ನಿಮಿಷ ತೆಗೆದುಕೊಂಡಳು. ಗುರುನ್ನಾನ್ಸೆ ಬಾಗಿಲು ಹಾಕಿ ಬಂದು ಕೂತರು. ಮುಖ ಒಂದೇ ಸಲಕ್ಕೆ ಮುದಿಯಾಗಿತ್ತು.

"ನನಗೆ ಏಪ್ರಿಲಲ್ಲೇ ಗೊತ್ತಿತ್ತು," ಎಂದರು.

"ಏನು?"

"ಗರಿ ನೋಡಿದ ತಕ್ಷಣ ಗೊತ್ತಾಯ್ತು. ತೊಂಬತ್ತೆಂಟರ ಮಗು, ಹುಟ್ಟಿದ್ದು ಆರೂ ನಲವತ್ತಮೂರಕ್ಕೆ ಅಂತ ಮೆಣಿಕೆಯೇ ಹೇಳಿದ್ಳು. ಗರಿಯಲ್ಲಿ ಅರ್ಧ ಗಂಟೆ ಕಳೆದಿಲ್ಲ ಅನ್ನೋದನ್ನ ಮನೆಯಲ್ಲೇ ಕೂತು ಲೆಕ್ಕ ಹಾಕಿಯೂ ನೋಡಿದೆ."

ನನಗೆ ರೇಗಿಹೋಯಿತು. "ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಆಗಲೇ ಹೇಳಿದ್ರೆ ಆ ಹುಡುಗ ಬಾವಿ ಕಟ್ಟೆ ಹತ್ತುತ್ತಿದ್ನಾ?"

"ನಮ್ಮಪ್ಪನ ತಪ್ಪು ಅಂದ್ಕೊಂಡೆ ನೋನಾ. ಕಡೇ ಕಾಲದಲ್ಲಿ ಅವರಿಗೆ ಮರೆವಿತ್ತು. ಹತ್ತು ಹಳ್ಳಿ ಜನ ಅವರು ಕೊಟ್ಟ ಮುಹೂರ್ತಕ್ಕೇ ಒಲೆ ಹಚ್ಚಿದ್ದಾರೆ, ಮಕ್ಕಳಿಗೆ ಅಕ್ಷರ ತಿದ್ದಿಸಿದ್ದಾರೆ. ಅಂಥವರು ಅರ್ಧ ಗಂಟೆ ಮರೆತರು ಅಂತ ನಾನೇ ಹೇಗೆ ಹೇಳಲಿ? ಹೇಗೂ ಲಗ್ನ ತಪ್ಪು, ಅಪಾಯ ಏನೂ ಆಗಲ್ಲ, ಸ್ನಾನ ಮಾಡಿದ್ರೆ ಮಾಡಲಿ ಅಂದ್ಕೊಂಡು ಸುಮ್ಮನಾದೆ."

"ಮೂರು ವಾರದಿಂದ?"

"ಮೂರು ವಾರದಿಂದ ನಿದ್ದೆ ಇಲ್ಲ. ತಪ್ಪು ಗರಿ ಹೇಗೆ ನಿಜ ಆಯ್ತು ಅಂತ. ಶಾಸ್ತ್ರವೇ ಸುಳ್ಳೇನೋ ಅಂತ ಮೊದಲನೇ ಸಲ ಅನ್ನಿಸ್ತು."

ಅವರು ಅತ್ತರು. ನನಗೆ ಕನಿಕರ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಪ್ಪನ ಹೆಸರು ಉಳಿಸಲು ಹೋಗಿ ಒಂದು ಜೀವ ಕಳೆದಿದ್ದಾರೆ.

"ಜನಕ್ಕೆ ಧೈರ್ಯ ಬೇಕು ನೋನಾ," ಎಂದರು ಕಣ್ಣೊರೆಸಿಕೊಂಡು. "ಒಂದು ನಿಮಿಷ ಗೊತ್ತುಮಾಡಿಕೊಟ್ರೆ ಹೆದರಿದವನೂ ಅಂಗಡಿ ತೆರೀತಾನೆ, ಮದುವೆ ಆಗ್ತಾನೆ. ಇಷ್ಟಾದ್ರೂ ಉಪಯೋಗ ಇದೆ ಅಂತಲೇ ಈ ಕೆಲಸ ಮಾಡ್ಕೊಂಡು ಬಂದೆ."

"ಉಪಯೋಗ ಇನ್ನೊಬ್ಬರಿಗೂ ಆಗಿದೆ. ಯಾರು, ಯಾವ ನಿಮಿಷಕ್ಕೆ, ಎಲ್ಲಿ, ಯಾವ ಕಡೆ ಮುಖ ಮಾಡಿ ನಿಂತಿರ್ತಾರೆ ಅಂತ ಮುಂಚೆನೇ ಗೊತ್ತಿದ್ರೆ ಕೊಲೆ ಮಾಡೋರಿಗೆ ಇನ್ನೇನು ಬೇಕು? ಕಲ್ಲು ಸಡಿಲಿಸಿ ಮನೆಗೆ ಹೋಗಿ ಕೂತ್ರೆ ಆಯ್ತು."

ಅವರು ಗರಿಯನ್ನು ನನ್ನ ಕಡೆ ತಳ್ಳಿದರು.

"ಇದು ನಿಮ್ಮಪ್ಪನ ತಪ್ಪೇ ಅಲ್ಲ," ಎಂದೆ. "ಆ ಕಾಲದಲ್ಲಿ ಜಾತಕ ಬರೀತಿದ್ದ ಯಾರೂ ಅರ್ಧ ಗಂಟೆ ಮರೆಯಲ್ಲ. ದಿನಾ ಅದೇ ಲೆಕ್ಕ. ಇದನ್ನ ಬರೆದೋನಿಗೆ ಹಳೇ ಟೈಮು, ಹೊಸ ಟೈಮು ಅನ್ನೋದೇ ಗೊತ್ತಿಲ್ಲ. ಚೀಟಿಯಲ್ಲಿದ್ದ ಹೊತ್ತು ನೋಡಿದ, ಈಗಿನ ಪಂಚಾಂಗದಲ್ಲಿ ಸೂರ್ಯೋದಯ ನೋಡಿದ, ಕಳೆದ. ಆ ಹತ್ತು ವರ್ಷ ಈ ದೇಶದಲ್ಲೇ ಇಲ್ಲದವನು."

"ಸುಮನಪಾಲ," ಎಂದರು ಅವರು ಮೆಲ್ಲಗೆ.

"ಹೂಂ. ಮೆಣಿಕೆಯ ತಮ್ಮ. ತೊಂಬತ್ತೈದರಲ್ಲಿ ಇಟಲಿಗೆ ಹೋದೋನು ಎರಡು ಸಾವಿರದ ಒಂಬತ್ತರಲ್ಲಿ ಬಂದ. ತೋಟದ ಗಡಿಗಾಗಿ ತಿವಂಕನ ಜೊತೆ ಕೈ ಕೈ ಮಿಲಾಯಿಸಿದ್ದಾನೆ. ಓಐಸಿಗೆ ಬಸ್ಸಿಂದಲೇ ಫೋನ್ ಮಾಡಿದೆ, ಮಧ್ಯಾಹ್ನ ಒಂದು ಗಂಟೆಯಿಂದ ಅವನು ಠಾಣೆಯಲ್ಲಿ ಕೂತಿದಾನೆ. ನಾನೂ ಹೋಗಿ ಮೂರೂವರೆವರೆಗೆ ಕೇಳಿ ನೋಡಿದೆ. ಆದ್ರೆ ಅವನಿಗೆ ನೆಟ್ಟಗೆ ಸಹಿ ಹಾಕೋಕೂ ಬರಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಬರೆದುಕೊಟ್ಟೋರು ನೀವಾ?"

"ನಾನಾಗಿದ್ರೆ ಅರ್ಧ ಗಂಟೆ ಕಳೀತಿರಲಿಲ್ಲವಾ?"

ಅದೂ ಸರಿಯೇ. ನನ್ನ ಬಾಣ ನನಗೇ ತಿರುಗಿತು.

ಗುರುನ್ನಾನ್ಸೆ ಭೂತಗನ್ನಡಿ ತೆಗೆದು ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಏಪ್ರಿಲಿನಲ್ಲಿ ಅಪ್ಪನ ಬರಹವೆಂದು ಭಕ್ತಿಯಿಂದ ನೋಡಿದ್ದವರು ಈಗ ಕಳ್ಳಮಾಲು ನೋಡುವ ಹಾಗೆ ನೋಡಿದರು. ಬಹಳ ಹೊತ್ತು ಆ ಕಡೆ ಈ ಕಡೆ ತಿರುಗಿಸಿದರು.

"ಖಾಲಿ ಗರಿ ಈಗ ಎಲ್ಲಿ ಬೇಕಾದ್ರೂ ಸಿಗುತ್ತೆ," ಎಂದರು. "ಪ್ರವಾಸಿಗಳಿಗೆ ಹೆಸರು ಕೊರೆದು ಮಾರೋಕೆ ಇಟ್ಟಿರ್ತಾರೆ. ಇಲ್ಲಿ ಬನ್ನಿ, ನೋಡಿ. ನಾವು ಕೊರೆಯುವಾಗ ಕಬ್ಬಿಣದ ಕಂಟ ಅಲ್ಲಾಡಿಸಲ್ಲ. ಎಡಗೈ ಹೆಬ್ಬೆರಳಲ್ಲಿ ಗರಿಯನ್ನೇ ತಳ್ಳುತ್ತಾ ಹೋಗ್ತೀವಿ. ಅದಕ್ಕೇ ಅಕ್ಷರದ ಸುತ್ತು ಒಂದೇ ಎಳೆಯಲ್ಲಿ ಬರುತ್ತೆ. ಇಲ್ಲಿ ಪ್ರತಿ ಸುತ್ತಿಗೂ ಎರಡು ಮೂರು ಸಲ ಎತ್ತಿ ಇಟ್ಟಿದ್ದಾರೆ. ಆಕಾರ ಥೇಟ್ ಅಪ್ಪನದೇ. ಆದ್ರೆ ಇದು ಬರೆದಿದ್ದಲ್ಲ ನೋನಾ. ಬಿಡಿಸಿದ್ದು."

"ಬಿಡಿಸಿದ್ದು ಅಂದ್ರೆ?"

"ಚಿತ್ರ ಬಿಡಿಸ್ತಾರಲ್ಲ, ಹಾಗೆ. ಒಳ್ಳೇ ಕೈ. ಅಪ್ಪ ಬರೆದ ಬೇರೆ ಗರಿ ಮುಂದಿಟ್ಕೊಂಡು ನೋಡಿ ನೋಡಿ ಇಳಿಸಿದಾರೆ."

ನಾನು ಹೂಂ ಎಂದೆ. ತಲೆಯಲ್ಲಿ ಸುಮನಪಾಲನೇ ತುಂಬಿದ್ದ. ಅವನು ಯಾರಿಂದ ಮಾಡಿಸಿರಬಹುದು, ಯಾವ ಅಂಗಡಿ, ಯಾರ ಸ್ನೇಹ ಎಂದು ಎಲ್ಲೆಲ್ಲೋ ಅಲೆಯುತ್ತಿದ್ದೆ. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದ ಹೆಂಗಸು ನಾನು, ಹೇಳಿಕೊಳ್ಳಲು ನಾಚಿಕೆ.

ಗುರುನ್ನಾನ್ಸೆ ಭೂತಗನ್ನಡಿ ಕೆಳಗಿಟ್ಟು ನಿಟ್ಟುಸಿರುಬಿಟ್ಟರು.

"ಸದ್ಯ, ಈ ಹೊತ್ತು ಕೊಟ್ಟಿದ್ದಾದ್ರೂ ತಪ್ಪಿಲ್ಲ. ಎರಡು ಸಲ ಲೆಕ್ಕ ಹಾಕಿ ಕೊಟ್ಟೆ."

"ಏನು ಕೊಟ್ರಿ? ಯಾರಿಗೆ?"

"ಮೆಣಿಕೆಗೆ. ಪರಿಹಾರದ ಹೊತ್ತು. ಮಗಳು ಬಂದು ಕೇಳ್ಕೊಂಡು ಹೋದ್ಳಲ್ಲ, ಒಂದೂವರೆಗೆ. ಶಾಲೆಯಿಂದ ನೇರ ಬಂದಿದ್ಳು ಪಾಪ."

"ಉದೇಶಿಕಾ? ಅವಳು ಇದನ್ನೆಲ್ಲ ನಂಬೋದೇ ಇಲ್ಲ ಗುರುನ್ನಾನ್ಸೆ!"

"ನನಗೂ ಆಶ್ಚರ್ಯವೇ ಆಯ್ತು. ತನಗೆ ಕೇಳಲಿಲ್ಲ. ಅಮ್ಮನ ಗರಿ ತಂದಿದ್ಳು. ಅಣ್ಣ ಹೋದ ಮೇಲೆ ಅಮ್ಮ ಊಟ ಬಿಟ್ಟಿದಾರೆ, ಅವರಿಗೇನಾದ್ರೂ ಆದ್ರೆ ನನಗ್ಯಾರು, ಇವತ್ತೇ ಒಂದು ಹೊತ್ತು ಕೊಡಿ ಅಂತ ಅತ್ತಳು. ಅಮ್ಮನಿಗೆ ಶನಿ ನಡೀತಿದೆ. ಹರಿಯೋ ನೀರಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತು ಏಳು ಬಿಳಿ ಹೂ ಬಿಡಬೇಕು ಅಂತ ಹೇಳಿದೆ. ನಾಲ್ಕೂ ಮೂವತ್ತೆಂಟಕ್ಕೆ."

ಗೋಡೆಯ ಗಡಿಯಾರ ನೋಡಿದೆ. ನಾಲ್ಕೂ ಮೂವತ್ತೊಂದು.

"ಅವಳು ಇನ್ನೇನು ಕೇಳಿದ್ಳು?"

"ಏನು ಕೇಳ್ತಾಳೆ? ನೀರು ಎಷ್ಟು ಆಳ ಇರಬೇಕು ಅಂದ್ಳು. ಮೊಣಕಾಲಿನಷ್ಟು ಸಾಕು ಅಂದೆ. ಸೊಂಟದವರೆಗೆ ಇದ್ರೆ ಒಳ್ಳೇದಾ ಅಂದ್ಳು. ಒಳ್ಳೇದೇ ಅಂದೆ. ಹಿಂದೆ ಯಾರಾದ್ರೂ ನಿಲ್ಲಬಹುದಾ ಅಂತ ಕೇಳಿದ್ಳು. ಮಗಳು ನಿಂತ್ರೆ ಇನ್ನೂ ವಿಶೇಷ ಅಂತ ನಾನೇ..."

ನಾನು ಎದ್ದು ನಿಂತಿದ್ದೆ.

ಎರಡು ದಿನದಿಂದ ಬೆಟ್ಟದ ಕಡೆ ಮಳೆ. ಮೆಣಿಕೆಯ ತೋಟದ ಹಿಂದೆ ಹರಿಯುವ ಮಾ ಓಯ ಹೊಳೆ ಕೆಂಪಗೆ ತುಂಬಿದೆ. ಸೊಂಟದವರೆಗಿನ ನೀರಿಗಿಳಿದರೆ ಗಟ್ಟಿಮುಟ್ಟಾದ ಗಂಡಸೂ ನಿಲ್ಲುವುದು ಕಷ್ಟ. ಮೂರು ವಾರದಿಂದ ಉಪವಾಸ ಇರುವ ಹೆಂಗಸನ್ನು ತಳ್ಳುವುದಕ್ಕೆ ಎರಡು ಬೆರಳು ಸಾಕು.

"ಗುರುನ್ನಾನ್ಸೆ, ಆ ಹುಡುಗಿ ಹುಟ್ಟಿದ ವರ್ಷ ಯಾವುದು?"

"ಎರಡು ಸಾವಿರದ ಒಂದು."

"ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಅವಳಿಗೆ ಐದು ವರ್ಷ."

ಐದು ವರ್ಷದ ಮಗುವಿಗೆ ಹಳೇ ಟೈಮು ಯಾವುದು, ಹೊಸ ಟೈಮು ಯಾವುದು? ದೇಶದ ಹೊರಗಿದ್ದವರನ್ನು ಹುಡುಕಿದೆ. ದೇಶದೊಳಗೆ ತೊಟ್ಟಿಲಲ್ಲಿದ್ದವಳನ್ನು ಮರೆತೆ. ಚಿತ್ರಕಲೆ ಕಲಿಸುವವಳು. ಕಾಣೆಯಾಗಿದೆ ಎಂದ ತನ್ನ ಗರಿಯನ್ನೇ ಮುಂದಿಟ್ಟುಕೊಂಡು ಅಕ್ಷರ ಇಳಿಸಿದವಳು. ಬಾವಿಯ ಚಪ್ಪಡಿಯನ್ನು ದಿನಾ ತುಳಿಯುವವಳು. ಹುಡುಗನನ್ನು ಕಳಿಸಿದ್ದು ಅಣ್ಣ, ಹೂಂ ಅಂದಿದ್ದು ಅಮ್ಮ ಎಂದು ನನ್ನ ಎದುರೇ ಲೆಕ್ಕ ಒಪ್ಪಿಸಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಮರುಗಿದ್ದೆ! ಇಡೀ ಊರನ್ನೇ ಅನುಮಾನಿಸಿದವಳು, ನನ್ನ ಹಾಗೇ ಮಾತಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವಳೊಬ್ಬಳನ್ನು ಬಿಟ್ಟಿದ್ದೆ.

ಮೆಣಿಕೆಯ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ. ಠಾಣೆಯಿಂದ ಜೀಪು ಹೊರಟರೂ ಹದಿನೈದು ನಿಮಿಷ. ಮೆಣಿಕೆಯ ಮೊಬೈಲಿಗೆ ಕರೆ ಮಾಡಿದೆ. ಅವಸರದಲ್ಲಿ ಮೊದಲ ಸಲ ತಪ್ಪು ನಂಬರು ಒತ್ತಿದೆ. ಎರಡನೆಯ ಸಲ ಹತ್ತು ಸಲ ರಿಂಗಾಯಿತು.

"ಹಲೋ ಮಿಸ್!" ಎಂದಳು ಉದೇಶಿಕಾ. ಹಿಂದೆ ನೀರಿನ ಭೋರ್ಗರೆತ.

"ಉದೇಶಿಕಾ, ಅಮ್ಮನಿಗೆ ಫೋನ್ ಕೊಡು."

"ಅಮ್ಮ ಆಗಲೇ ನೀರಲ್ಲಿದಾರೆ ಮಿಸ್. ಹೊತ್ತಿಗೆ ಸರಿಯಾಗಿ ನಡು ಹೊಳೆಗೆ ಹೋಗ್ಬೇಕು ಅಂತ ಕಾಯ್ತಿದಾರೆ."

"ಹೊರಗೆ ಬಾ ಅನ್ನು. ನಾನು ಹೇಳ್ದೆ ಅನ್ನು."

"ನಿಮ್ಮ ಮಾತು ಕೇಳ್ತಾರಾ?" ಎಂದು ನಕ್ಕಳು. ಬೆಳಿಗ್ಗೆ ಚಹಾ ಕೊಡುವಾಗ ನಕ್ಕ ನಗುವೇ. "ನೀವು ಇದನ್ನೆಲ್ಲ ನಂಬಲ್ಲ ಅಂತ ಅಮ್ಮನಿಗೆ ಗೊತ್ತು."

ನಿಜ. ನನ್ನ ಮಾತು ಕೇಳಿ ಮೆಣಿಕೆ ಒಂದು ಹೆಜ್ಜೆಯೂ ಹಿಂದಿಡಲಾರಳು. ಅವಳು ಕೇಳುವ ದನಿ ಜಗತ್ತಿನಲ್ಲಿ ಒಂದೇ ಇತ್ತು. ಫೋನಿನ ಸ್ಪೀಕರ್ ಒತ್ತಿ ಗುರುನ್ನಾನ್ಸೆಯ ಮುಂದೆ ಹಿಡಿದೆ.

"ಹೇಳಿ," ಎಂದೆ. "ಲೆಕ್ಕ ತಪ್ಪಾಗಿದೆ ಅಂತ ಹೇಳಿ. ನೀವೇ ತಪ್ಪಿದ್ದು ಅಂತ ಹೇಳಿ."

ಮೂರು ತಲೆಮಾರಿನಲ್ಲಿ ಆ ಮನೆಯವರು ಯಾರೂ ಆಡದ ಮಾತು. ನಾಲ್ಕೂ ಮೂವತ್ತೈದು. ನಾನು ಅವರ ಭುಜ ಹಿಡಿದು ಅಲುಗಿಸಿದೆ. ಕೊನೆಗೆ ಅವರು ಫೋನು ಕಿತ್ತುಕೊಂಡು, ಕಣ್ಣು ಮುಚ್ಚಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಮೆಣಿಕೆ ಅಮ್ಮಾ! ನಾನು ಅಮರದಾಸ! ನನ್ನ ಲೆಕ್ಕ ತಪ್ಪಾಗಿದೆ ತಾಯೀ! ನಾನು ಕೊಟ್ಟ ಹೊತ್ತು ತಪ್ಪು! ಕೆಟ್ಟ ಹೊತ್ತು! ದಡಕ್ಕೆ ಬನ್ನಿ, ಈಗಲೇ ದಡಕ್ಕೆ ಬನ್ನಿ!"

ನೀರಿನ ಸದ್ದಿನ ನಡುವೆ ದೂರದಿಂದ ಮೆಣಿಕೆಯ ದನಿ ಕೇಳಿಸಿತು. "ಯಾರು ಮಗಾ ಅದು? ಗುರುನ್ನಾನ್ಸೆನಾ? ಏನಂತೆ?"

"ಗುರುನ್ನಾನ್ಸೆನೇ ಅಮ್ಮಾ," ಎಂದಳು ಉದೇಶಿಕಾ, ಗಟ್ಟಿಯಾಗಿ, ಪ್ರೀತಿಯಿಂದ. "ಹೊತ್ತಾಯ್ತಂತೆ. ಇನ್ನೊಂದು ಹೆಜ್ಜೆ ಮುಂದೆ ಹೋಗ್ಬೇಕಂತೆ."